ಮೀನು ಹೇಳದ ಮಾತು

ನಮ್ಮೂರು ರಾಮನಾಥಪುರಕ್ಕೆ ಬಂದವರು ರಾಮೇಶ್ವರ, ಸುಬ್ರಹ್ಮಣ್ಯನ ದರ್ಶನ ಮುಗಿಸಿ ತಪ್ಪದೆ ಮಾಡುವ ಕೆಲಸವೊಂದಿದೆ. ಒಂದು ಪೊಟ್ಟಣ ಪುರಿ ಕೊಂಡು, ಕಾವೇರಿಯ ಮೆಟ್ಟಿಲಿಳಿದು, ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಎರಚುವುದು. ದೊಡ್ಡ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಇಲ್ಲಿ ಯಾರೂ ಬಲೆ ಬೀಸುವುದಿಲ್ಲ, ಗಾಳ ಇಳಿಸುವುದಿಲ್ಲ. ದೇವರ ಮೀನು ಅವು. ಪುರಿ ಮುಗಿದ ಮೇಲೆ ಕೆಲವರು ಅದೇ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿಯುತ್ತಾರೆ, ಮಕ್ಕಳ ಬಾಯಿಗೂ ಹನಿ ಬಿಡುತ್ತಾರೆ.

ನಮ್ಮಜ್ಜಿ ದಿನಾ ಬೆಳಿಗ್ಗೆ ತಾಮ್ರದ ಚೊಂಬಿನಲ್ಲಿ ಹೊಳೆ ನೀರು ತಂದು ದೇವರಿಗಿಟ್ಟು ಒಂದು ಗುಟುಕು ಕುಡಿಯುತ್ತಾರೆ. ಬೇಡ ಎಂದರೆ ಅವರ ಉತ್ತರ ಸಿದ್ಧ: ‘ಅಷ್ಟು ದೊಡ್ಡ ಮೀನು ಬದುಕಿರೋ ನೀರು ಕಣವ್ವ. ಕೆಟ್ಟಿದ್ರೆ ಅವು ಇರ್ತಿದ್ವಾ?’

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡೂವರೆ ವರ್ಷದ ಬಿಇ ಬೇಕಾಯಿತು. ಸಿವಿಲ್ ಓದುವವರಿಗೆ ಪರಿಸರ ಎಂಜಿನಿಯರಿಂಗ್ ಅಂತ ಒಂದು ವಿಷಯವಿದೆ. ಕಟ್ಟಡ, ಸೇತುವೆ ಎಂದು ಕನಸು ಕಂಡು ಬಂದವರೆಲ್ಲ ಅದನ್ನು ‘ಚರಂಡಿ ಪಾಠ’ ಎಂದು ಕರೆದು ಪಾಸಾಗುವಷ್ಟು ಓದಿ ಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಅದರಲ್ಲಿ ಬರುವ ಒಂದು ಕೋಷ್ಟಕ ನನ್ನನ್ನು ಹಿಡಿದು ಕೂರಿಸಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಅದರ ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ಐದು ದರ್ಜೆ ಮಾಡಿದೆ. ಸೋಂಕು ನಿವಾರಕ ಹಾಕಿದರೆ ಸಾಕು, ಕುಡಿಯಬಹುದು ಎನ್ನುವ ನೀರು ‘ಎ’ ದರ್ಜೆ. ಅದರ 100 ಮಿಲಿಲೀಟರ್‌ನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಎಣಿಕೆ 50 ದಾಟಬಾರದು. ಸ್ನಾನಕ್ಕೆ ‘ಬಿ’: 500 ದಾಟಬಾರದು. ಪೂರ್ತಿ ಶುದ್ಧೀಕರಣ ಮಾಡಿ ಕುಡಿಯುವ ‘ಸಿ’ ದರ್ಜೆಗೆ 5000. ಮೀನು ಮತ್ತು ವನ್ಯಜೀವಿಗಳಿಗೆ ‘ಡಿ’. ಅಲ್ಲಿ ಕೇಳುವುದು ಮೂರೇ ಸಂಗತಿ: ಪಿಎಚ್ 6.5ರಿಂದ 8.5ರ ನಡುವೆ ಇರಬೇಕು, ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಕೋಲಿಫಾರ್ಮ್ ಎಂಬ ಪದವೇ ಆ ಸಾಲಿನಲ್ಲಿಲ್ಲ.

ಮೀನಿಗೆ ಬೇಕಾದ್ದು ಉಸಿರು. ಬಂಡೆಗಳ ಮೇಲೆ ಬಿದ್ದು ನೊರೆಯೆದ್ದು ಹರಿಯುವ ಹೊಳೆಯಲ್ಲಿ ಆಮ್ಲಜನಕಕ್ಕೆ ಬರವಿಲ್ಲ. ನಮ್ಮ ಕರುಳಿನ ಬ್ಯಾಕ್ಟೀರಿಯಾ ಆ ನೀರಿನಲ್ಲಿದ್ದರೆ ಮೀನಿಗೇನೂ ತೊಂದರೆಯಿಲ್ಲ. ನಮ್ಮ ಟೈಫಾಯ್ಡ್ ಮೀನಿಗೆ ಬರುವುದಿಲ್ಲ. ಅಜ್ಜಿ ಒಳ್ಳೆಯ ಸಾಕ್ಷಿಯನ್ನೇ ಕರೆತಂದಿದ್ದರು. ಆದರೆ ಆ ಸಾಕ್ಷಿ ಬೇರೆ ಕೇಸಿನದು.

ಭಾಗಮಂಡಲದಿಂದ ನಮ್ಮೂರಿಗೆ ಬರುವಷ್ಟರಲ್ಲಿ ಕಾವೇರಿ ಕುಶಾಲನಗರ, ಕೊಣನೂರುಗಳನ್ನು ದಾಟಿರುತ್ತಾಳೆ. ದಡದ ಊರುಗಳ ಬಚ್ಚಲು, ದನಕರು, ಮಳೆಗಾಲದಲ್ಲಿ ಗದ್ದೆ ತೊಳೆದ ನೀರು ಎಲ್ಲ ಅವಳಲ್ಲೇ. ಮಾರ್ಗಶಿರದ ಷಷ್ಠಿ ಜಾತ್ರೆಯಲ್ಲಂತೂ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಯಾವ ತೆರೆದ ಹೊಳೆಯೂ ಕಾಯಿಸದೆ ಕುಡಿಯಲು ತಕ್ಕುದಲ್ಲ. ಇದು ನಮ್ಮೂರಿಗೆ ಅಂಟಿದ ಕಳಂಕವೇನಲ್ಲ.

ಇಷ್ಟಕ್ಕೇ ನಾನು ಈ ವಿಷಯಕ್ಕೆ ಅಂಟಿಕೊಳ್ಳಲಿಲ್ಲ. ಪ್ರಯೋಗಾಲಯದ ಆ ಮಧ್ಯಾಹ್ನ ಬೋರ್ಡಿನ ಮೇಲೆ ಮೇಡಂ ಒಂದು ಹೆಸರು ಬರೆದಾಗ ನನ್ನ ಕಿವಿ ಬಿಸಿಯಾಯಿತು. ‘ಎಷೆರಿಕಿಯ ಕೋಲೈ’. ಅಕ್ಕಪಕ್ಕದವರಿಗೆ ಅದು ಪರೀಕ್ಷೆಗೆ ಬರುವ ಒಂದು ಪದ. ನನಗೆ ಅದು ಮೊದಲೇ ಪರಿಚಯ. ನನ್ನದೇ ಹೆಸರಿದ್ದ ಒಂದು ರಿಪೋರ್ಟಿನಲ್ಲಿ ಅದನ್ನು ಓದಿದ್ದೆ.

ದ್ವಿತೀಯ ಪಿಯುಸಿಯಲ್ಲಿದ್ದಾಗಿನ ಮಾತು. ಆರು ತಿಂಗಳಲ್ಲಿ ನನಗೆ ಮೂರು ಸಲ ಟೈಫಾಯ್ಡ್ ‘ಬಂತು’. ಚಳಿ ಹತ್ತಿ ಜ್ವರ, ಸೊಂಟ ನೋವು, ಊಟ ಸೇರದು. ಮೊದಲ ಸಲ ಒಂದು ಲ್ಯಾಬಿನಲ್ಲಿ ಬೆರಳು ಚುಚ್ಚುವಷ್ಟೇ ಬೇಗ ರಕ್ತ ತೆಗೆದರು, ಅರ್ಧ ಗಂಟೆಯಲ್ಲಿ ಚೀಟಿ ಕೊಟ್ಟರು: ವಿಡಾಲ್ ಪಾಸಿಟಿವ್. ಏಳು ದಿನದ ಮಾತ್ರೆ. ಮೂರನೇ ದಿನ ಜ್ವರ ಇಳಿಯಿತು, ಐದನೇ ದಿನ ಮಾತ್ರೆ ಬಿಟ್ಟೆ. ಎರಡು ತಿಂಗಳಿಗೆ ಮತ್ತೆ ಜ್ವರ, ಮತ್ತೆ ಅದೇ ಚೀಟಿ, ಅದೇ ಮಾತ್ರೆ. ಮೂರನೇ ಸಲ ಪೂರ್ವ ಸಿದ್ಧತಾ ಪರೀಕ್ಷೆಯ ಹೊತ್ತು. ಕೈಗೆ ಸೂಜಿ ಸಿಕ್ಕಿಸಿಕೊಂಡು ಗ್ಲೂಕೋಸ್ ಬಾಟಲಿ ನೋಡುತ್ತಾ ಮಲಗಿದ್ದೆ. ಎರಡು ಪೇಪರ್ ತಪ್ಪಿಹೋದವು.

ಟೈಫಾಯ್ಡ್ ಎಂದರೆ ನೀರು. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಮನೆಯಲ್ಲಿ ನೀರಿನ ಮೇಲೆ ಯುದ್ಧ ಶುರುವಾಯಿತು. ಅಪ್ಪ ಆ ವರ್ಷ ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ಗೋಡೆಗೆ ತಗುಲಿಹಾಕುವ ಫಿಲ್ಟರ್ ತಂದರು. ಅಮ್ಮ ಫಿಲ್ಟರ್ ನೀರನ್ನೂ ಕುದಿಸಿದಳು. ಅಜ್ಜಿಯ ಚೊಂಬು ನನ್ನ ಕಣ್ಣಿಗೂ ಬೀಳದಂತೆ ದೇವರ ಮನೆಯ ಮೂಲೆ ಸೇರಿತು. ಹೊರಗೆ ಪಾನಿಪೂರಿ ಬಂದ್. ಇಷ್ಟೆಲ್ಲ ಆದಮೇಲೂ ಮೂರನೇ ಜ್ವರ ಬಂದಿತ್ತು. ‘ಹೊಳೆ ನೀರು ಕುಡೀತಾ ಎಪ್ಪತ್ತು ವರ್ಷ ಬದುಕಿದೀನಿ, ಫಿಲ್ಟರ್ ನೀರು ಕುಡಿದ ಮಗೀಗೆ ಜ್ವರ’ ಎಂದು ಅಜ್ಜಿ ಆಡಿಕೊಂಡರು. ನಮ್ಮ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.

ಕೊನೆಗೆ ಹಾಸನದಲ್ಲಿ ಒಬ್ಬರು ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಮೂರೂ ಚೀಟಿ ಪಕ್ಕಕ್ಕಿಟ್ಟು ಅಮ್ಮನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು: ‘ಕಾಲೇಜಲ್ಲಿ ದಿನಕ್ಕೆ ಎಷ್ಟು ಸಲ ಟಾಯ್ಲೆಟ್‌ಗೆ ಹೋಗ್ತೀಯ?’

ನಾನು ತಲೆ ತಗ್ಗಿಸಿದೆ. ಒಂದು ಸಲವೂ ಇಲ್ಲ.

ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಐದೂವರೆಗೆ. ನಾನು ಓದಿದ ಕಾಲೇಜಿನಲ್ಲಿ ಹುಡುಗಿಯರ ಶೌಚಾಲಯ ಇತ್ತು. ಚಿಲಕ ಇರಲಿಲ್ಲ, ನೀರು ಇದ್ದ ದಿನ ಕಡಿಮೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಅದಕ್ಕೆ ನಾವೆಲ್ಲ ಒಂದು ಉಪಾಯ ಕಂಡುಕೊಂಡಿದ್ದೆವು: ನೀರೇ ಕುಡಿಯದಿರುವುದು. ನನ್ನ ಬ್ಯಾಗಿನಲ್ಲಿ ಅಮ್ಮ ತುಂಬಿಸಿ ಕಳಿಸುತ್ತಿದ್ದ, ಫಿಲ್ಟರ್ ಮಾಡಿ, ಕುದಿಸಿ, ಆರಿಸಿದ ನೀರಿನ ಬಾಟಲಿ ಸಂಜೆ ಹಾಗೇ ಮನೆಗೆ ವಾಪಸ್ ಬರುತ್ತಿತ್ತು. ಬಸ್ ಸ್ಟಾಪಿನಲ್ಲಿ ಅದನ್ನು ಚೆಲ್ಲಿ ಬರುತ್ತಿದ್ದೆ, ಅಮ್ಮನಿಗೆ ಗೊತ್ತಾಗಬಾರದು ಎಂದು. ಉರಿಮೂತ್ರವಿತ್ತು. ಅದನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಅಪ್ಪ ಪಕ್ಕದಲ್ಲಿ ಕೂತಿರುವಾಗ ಹೇಗೆ ಹೇಳುವುದು? ಜ್ವರ ಎಂದಷ್ಟೇ ಹೇಳಿದ್ದೆ. ಅವರು ಜ್ವರಕ್ಕೆ ಔಷಧಿ ಕೊಟ್ಟರು. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮೂತ್ರದ ಕಲ್ಚರ್ ಬರೆದುಕೊಟ್ಟರು. ಎರಡು ದಿನದ ಮೇಲೆ ಬಂದ ರಿಪೋರ್ಟಿನಲ್ಲಿ ಇದ್ದದ್ದೇ ಎಷೆರಿಕಿಯ ಕೋಲೈ, ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಹೆಚ್ಚು. ಕೆಳಗೆ ಔಷಧಿಗಳ ಪಟ್ಟಿ, ಪ್ರತಿಯೊಂದರ ಮುಂದೆ ‘ಎಸ್’ ಅಥವಾ ‘ಆರ್’. ‘ಎಸ್’ ಎಂದರೆ ಈ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ನನ್ನ ಪಟ್ಟಿಯಲ್ಲಿ ‘ಆರ್’ಗಳು ಬೇಕಾದಷ್ಟಿದ್ದವು.

ಟೈಫಾಯ್ಡ್ ಅಲ್ಲವೇ ಅಲ್ಲ, ಮೂತ್ರನಾಳದ ಸೋಂಕು. ಕೆಟ್ಟ ನೀರಿನಿಂದ ಬಂದ ಕಾಯಿಲೆ ಎಂದು ಮನೆಯವರೆಲ್ಲ ನಂಬಿದ್ದರಲ್ಲ, ಅದು ನೀರೇ ಕುಡಿಯದೆ ಬಂದ ಕಾಯಿಲೆ.

ಹಾಗಾದರೆ ಮೂರು ಸಲ ವಿಡಾಲ್ ಪಾಸಿಟಿವ್ ಬಂದದ್ದು ಹೇಗೆ? ಲ್ಯಾಬಿನವರು ಸುಳ್ಳು ಬರೆದರೇ? ಇಲ್ಲ. ನನಗೂ ಆಗ ಸಿಟ್ಟಿತ್ತು, ಈಗ ಓದಿಕೊಂಡ ಮೇಲೆ ಅಷ್ಟಿಲ್ಲ. ಫ್ರಾನ್ಸಿನ ವೈದ್ಯ ಜಾರ್ಜ್ ಫೆರ್ನಾಂಡ್ ವಿಡಾಲ್ ಈ ಪರೀಕ್ಷೆಯನ್ನು ಜಗತ್ತಿಗೆ ಕೊಟ್ಟದ್ದು 1896ರಲ್ಲಿ. ರೋಗಿಯ ರಕ್ತದ ಸೀರಂ ಹನಿಗೆ ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾ ಇರುವ ದ್ರವ ಬೆರೆಸುತ್ತಾರೆ. ಗಾಜಿನ ಸ್ಲೈಡ್ ಮೇಲೆ ಒಂದು ನೀಲಿ ಹನಿ, ಒಂದು ಕೆಂಪು ಹನಿ. ಸೀರಂನಲ್ಲಿ ಆ ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳಿದ್ದರೆ ಹನಿ ಮೊಸರು ಒಡೆದ ಹಾಗೆ ಹರಳುಗಟ್ಟುತ್ತದೆ. ಗಮನಿಸಿ, ಇಲ್ಲಿ ಯಾರೂ ಬ್ಯಾಕ್ಟೀರಿಯಾವನ್ನು ನೋಡಲಿಲ್ಲ. ನೋಡಿದ್ದು ದೇಹದ ನೆನಪನ್ನು. ಆ ನೆನಪು ಇವತ್ತಿನದೋ, ಹಿಂದೆ ಯಾವಾಗಲೋ ಬಂದುಹೋದ ಸೋಂಕಿನದೋ, ಲಸಿಕೆಯದೋ, ನೆಂಟಸ್ತಿಕೆಯ ಇನ್ನಾವುದೋ ಬ್ಯಾಕ್ಟೀರಿಯಾದ್ದೋ ಎಂದು ಒಂದು ಹನಿ ಹೇಳಲಾರದು. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ದೇಶದಲ್ಲಿ ಆರೋಗ್ಯವಂತರ ರಕ್ತದಲ್ಲೂ ಒಂದಿಷ್ಟು ಪ್ರತಿಕಾಯ ಇದ್ದೇ ಇರುತ್ತದೆ. ಅದಕ್ಕೇ ಪುಸ್ತಕದಲ್ಲಿ ಬರೆದಿರುವುದು, ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ಮಾಡಿ, ಪ್ರಮಾಣ ನಾಲ್ಕು ಪಟ್ಟು ಏರಿದೆಯೇ ನೋಡಬೇಕು ಎಂದು. ಜ್ವರದಲ್ಲಿ ನಡುಗುತ್ತಾ ಬಂದ ಹುಡುಗಿಗೆ ‘ಹತ್ತು ದಿನ ಬಿಟ್ಟು ಬಾ’ ಎನ್ನಲು ಯಾರಿಗೆ ಆಗುತ್ತದೆ?

ಟೈಫಾಯ್ಡ್‌ಗೆ ಗಟ್ಟಿ ಸಾಕ್ಷಿ ರಕ್ತದ ಕಲ್ಚರ್. ರಕ್ತವನ್ನು ಪೋಷಕಾಂಶಗಳಿರುವ ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಕಾಯುವುದು. ಅದೂ ಸುಲಭವಲ್ಲ. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟೋ ಸಲ ಒಂದು ಬ್ಯಾಕ್ಟೀರಿಯಾವೂ ಇರುವುದಿಲ್ಲ. ಹಾಗಾಗಿ ದೊಡ್ಡವರಿಂದ ಎಂಟು ಹತ್ತು ಮಿಲಿಲೀಟರ್ ರಕ್ತ ಬೇಕು, ಅದನ್ನೂ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ತೆಗೆಯಬೇಕು, ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಇಷ್ಟಾದರೂ ನಿಜವಾದ ಟೈಫಾಯ್ಡ್ ರೋಗಿಗಳಲ್ಲಿ ಬಹಳಷ್ಟು ಮಂದಿಯದು ತಪ್ಪಿಹೋಗುತ್ತದೆ. ಇದನ್ನೆಲ್ಲ ಹೇಳಿ ಟೈಫಾಯ್ಡ್ ಸುಳ್ಳು ಎನ್ನುತ್ತಿಲ್ಲ. 2019ರಲ್ಲಿ ಜಗತ್ತಿನಲ್ಲಿ ಸುಮಾರು 90 ಲಕ್ಷ ಜನರಿಗೆ ಅದು ಬಂತು, 1.1 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದರೆ ಬೇರೆ ಎಷ್ಟೋ ಜ್ವರಗಳು ಮೊದಲ ನಾಲ್ಕು ದಿನ ಅದರ ಹಾಗೇ ಕಾಣುತ್ತವೆ.

ನಮ್ಮನ್ನು ಪೂರ್ತಿ ದಾರಿ ತಪ್ಪಿಸಿದ್ದು ಮಾತ್ರ ಚೀಟಿಗಿಂತ ಮಾತ್ರೆ. ಟೈಫಾಯ್ಡ್‌ಗೆಂದು ಕೊಟ್ಟ ಆಂಟಿಬಯಾಟಿಕ್ ಮೂತ್ರನಾಳದ ಕೋಲೈಗೂ ಒಂದಷ್ಟು ಪೆಟ್ಟು ಕೊಡುತ್ತಿತ್ತು. ಜ್ವರ ಇಳಿಯುತ್ತಿತ್ತು. ‘ನೋಡು, ಮಾತ್ರೆ ಹಿಡಿಯಿತು, ಟೈಫಾಯ್ಡೇ’ ಎಂದು ಎಲ್ಲರೂ ಒಪ್ಪಿಕೊಂಡೆವು. ಅರ್ಧಕ್ಕೆ ಬಿಟ್ಟ ಮಾತ್ರೆಯಿಂದ ಉಳಿದುಕೊಂಡವು ಗಟ್ಟಿ ಪಿಂಡಗಳು. ಅವೇ ಮುಂದಿನ ರಿಪೋರ್ಟಿನ ‘ಆರ್’ಗಳಾದವು. ಪ್ರಯೋಗದ ಭಾಷೆಯಲ್ಲಿ ಹೇಳುವುದಾದರೆ, ಎರಡು ಬೀಗಕ್ಕೂ ಹೊಂದುವ ಒಂದು ಕೀಲಿ ಹಿಡಿದು, ಬಾಗಿಲು ತೆರೆಯಿತಲ್ಲ, ಇದು ನಮ್ಮದೇ ಮನೆ ಎಂದುಕೊಂಡ ಹಾಗೆ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡವಳಿಗೆ ಬೋರ್ಡಿನ ಮೇಲೆ ಅದೇ ಹೆಸರು ಕಂಡರೆ ಹೇಗಿರಬೇಡ! ಮೇಡಂ ಅಂದು ಮಾಡಿ ತೋರಿಸಿದ್ದು ಎಂಪಿಎನ್ ಪರೀಕ್ಷೆ. ಹದಿನೈದು ಪ್ರನಾಳಗಳಲ್ಲಿ ನೇರಳೆ ಬಣ್ಣದ ಸಾರು, ಪ್ರತಿಯೊಂದರೊಳಗೆ ಬೋರಲು ಹಾಕಿದ ಪುಟಾಣಿ ಗಾಜಿನ ಕೊಳವೆ. ಐದು ಪ್ರನಾಳಕ್ಕೆ ಹತ್ತು ಮಿಲಿಲೀಟರ್ ನೀರು, ಐದಕ್ಕೆ ಒಂದು, ಇನ್ನೈದಕ್ಕೆ ಅದರ ಹತ್ತನೇ ಒಂದು. 37 ಡಿಗ್ರಿಯಲ್ಲಿ ಇಟ್ಟು ಒಂದೆರಡು ದಿನ ಬಿಟ್ಟು ನೋಡಿದರೆ ಕೋಲಿಫಾರ್ಮ್ ಇರುವ ಕಡೆ ನೇರಳೆ ಹಳದಿಯಾಗಿರುತ್ತದೆ, ಪುಟಾಣಿ ಕೊಳವೆಯ ನೆತ್ತಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ. ಎಷ್ಟು ಪ್ರನಾಳ ಹಳದಿ ಎಂದು ಎಣಿಸಿ, ಕೋಷ್ಟಕ ನೋಡಿ, ‘ಬಹುಶಃ ಇಷ್ಟಿರಬಹುದು’ ಎಂಬ ಸಂಖ್ಯೆ ಬರೆಯುವುದು. ಹೆಸರಿನಲ್ಲೇ ‘ಬಹುಶಃ’ ಇರುವ ಪರೀಕ್ಷೆ ಇದು. ನನಗೆ ಇದರ ಪ್ರಾಮಾಣಿಕತೆ ಇಷ್ಟವಾಯಿತು.

ನೀರಿನಲ್ಲಿ ಕಾಲರಾ, ಟೈಫಾಯ್ಡ್, ಕಾಮಾಲೆಯ ವೈರಸ್ ಎಂದು ಒಂದೊಂದನ್ನೇ ಹುಡುಕುವುದು ಕಷ್ಟ, ದುಬಾರಿ. ಅದರ ಬದಲು ಮನುಷ್ಯರ, ದನಕರುಗಳ ಕರುಳಲ್ಲಿ ಕೋಟಿಗಟ್ಟಲೆ ಇರುವ ಕೋಲೈ ಇದೆಯೇ ಎಂದು ನೋಡುತ್ತಾರೆ. ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಷೆರಿಕ್ 1885ರಲ್ಲಿ ಶಿಶುಗಳ ಮಲದಲ್ಲಿ ಗುರುತಿಸಿದ ಜೀವಿ ಅದು. ಅದರ ಹೆಚ್ಚಿನ ತಳಿಗಳು ನಿರುಪದ್ರವಿಗಳು. ಕುಡಿಯುವ ನೀರಲ್ಲಿ ಸಿಕ್ಕರೆ ಅದರ ಅರ್ಥ ಇಷ್ಟೇ: ಮಲ ಈ ನೀರಿಗೆ ಸೇರುವ ದಾರಿ ಎಲ್ಲೋ ತೆರೆದಿದೆ. ಇವತ್ತು ನಿರುಪದ್ರವಿ ಬಂದ ದಾರಿಯಲ್ಲೇ ನಾಳೆ ಕಾಲರಾ ಬರಬಹುದು. ಅದಕ್ಕೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, 100 ಮಿಲಿಲೀಟರಿನಲ್ಲಿ ಒಂದೇ ಒಂದು ಕೋಲೈ ಕೂಡ ಪತ್ತೆಯಾಗಬಾರದು ಎನ್ನುತ್ತದೆ. ಮೂತ್ರದಲ್ಲಾದರೆ ಚರ್ಮದ ಮೇಲಿನದು ಬೆರೆತಿರಬಹುದೆಂದು ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಲಕ್ಷ ದಾಟಿದ ಮೇಲೆ ಸೋಂಕು ಎನ್ನುತ್ತಾರೆ. ಕರುಳಲ್ಲಿ ಕೋಟಿ ಇದ್ದರೂ ಅದು ಆರೋಗ್ಯ. ಸಂಖ್ಯೆ ಓದುವ ಮೊದಲು ಯಾವ ಜಾಗದ ಸಂಖ್ಯೆ ಎಂದು ಕೇಳಬೇಕು ಎಂಬುದು ನನಗೆ ಅಂದು ಹೊಳೆಯಿತು.

ಮಿನಿ ಪ್ರಾಜೆಕ್ಟ್‌ಗೆ ನಮ್ಮ ಮನೆಯ ನೀರನ್ನೇ ತೆಗೆದುಕೊಂಡೆ. ಮಾದರಿ ತರುವುದೇ ಒಂದು ಸಾಹಸ. ಕುದಿಸಿ ಶುದ್ಧ ಮಾಡಿದ ಬಾಟಲಿಯಲ್ಲಿ ಒಂದು ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು, ನಲ್ಲಿ ನೀರಿನ ಕ್ಲೋರಿನ್ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಕೊಲ್ಲುತ್ತಾ ಬಂದರೆ ಲೆಕ್ಕ ತಪ್ಪುತ್ತದೆ. ನಲ್ಲಿಯ ಬಾಯಿಯನ್ನು ಬೆಂಕಿಯಿಂದ ಕಾಯಿಸಬೇಕು. ಆಮೇಲೆ ಐಸಿನಲ್ಲಿಟ್ಟು ಆದಷ್ಟು ಬೇಗ ಲ್ಯಾಬ್ ಮುಟ್ಟಿಸಬೇಕು. ಬೆಳಿಗ್ಗೆ ಥರ್ಮೋಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಾಸನದ ಬಸ್ಸಿನಲ್ಲಿ ಕೂತರೆ ಕಂಡಕ್ಟರು ಮೂಗು ಮುಚ್ಚಿ, ‘ಏನಮ್ಮ, ಮೀನಾ?’ ಎಂದರು. ರಾಮನಾಥಪುರದ ಸ್ಟಾಪಿನಲ್ಲಿ ಹತ್ತಿದವಳನ್ನು ಹಾಗೆ ಕೇಳಿದರೆ ಬಸ್ಸಿನವರೆಲ್ಲ ತಿರುಗಿ ನೋಡದೆ ಇರುತ್ತಾರೆಯೇ!

ಇದರ ಜೊತೆಗೆ ಎಚ್2ಎಸ್ ಬಾಟಲಿಗಳನ್ನೂ ತಂದಿದ್ದೆ. ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನ ಇದು. ಈಗ ಜಲಜೀವನ್ ಮಿಷನ್ ಅಡಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕಿಟ್‌ಗಳ ಜೊತೆ ಇಂಥ ಬಾಟಲಿ ಕೊಡುತ್ತಾರೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಹಾಕಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಅದು ಬಾಟಲಿಯೊಳಗಿನ ಕಬ್ಬಿಣದ ಅಂಶದೊಡನೆ ಸೇರಿ ನೀರು ಕಪ್ಪಾಗುತ್ತದೆ. ತಮಾಷೆಯೆಂದರೆ ಕೋಲೈ ಸಾಮಾನ್ಯವಾಗಿ ಈ ಅನಿಲ ಬಿಡುವುದೇ ಇಲ್ಲ, ಬಿಡುವುದು ಅದರ ಒಡನಾಡಿಗಳು. ಸುಳಿವಿಗೊಂದು ಸುಳಿವು.

ಹೊಳೆ ನೀರಿನ ಬಾಟಲಿ ಕಪ್ಪಾಯಿತು. ನಿರೀಕ್ಷಿಸಿದ್ದೇ. ಪಂಚಾಯಿತಿ ನಲ್ಲಿಯ ಬಾಟಲಿ ಹಾಗೇ ಉಳಿಯಿತು. ನೀರುಗಂಟಿ ಬ್ಲೀಚಿಂಗ್ ಪೌಡರ್ ಹಾಕುವುದನ್ನು ‘ವಾಸನೆ’ ಎಂದು ಬೈಯುತ್ತಿದ್ದೆವಲ್ಲ, ಆ ವಾಸನೆಯ ಕೆಲಸ ಇದು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ನಾನು ಎಣಿಸದೆ ಇದ್ದದ್ದು ಮೂರನೇ ಬಾಟಲಿ. ನಮ್ಮದೇ ಮನೆಯ ಸಂಪಿನ ನೀರು, ಹೊಳೆಗಿಂತ ಮೊದಲೇ, ಮರುದಿನ ಬೆಳಿಗ್ಗೆಯೇ ಕಪ್ಪಾಗಿ ಕೂತಿತ್ತು. ಸಂಪು ಇರುವುದು ಕೊಟ್ಟಿಗೆಯ ಪಕ್ಕ. ಮುಚ್ಚಳ ನೆಲದ ಮಟ್ಟಕ್ಕೇ ಇದೆ, ಮೂಲೆ ಮುರಿದಿದೆ. ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಏನೂ ಮಾತಾಡಲಿಲ್ಲ. ಆ ಭಾನುವಾರ ಒಂದು ಚೀಲ ಸಿಮೆಂಟು ತಂದು ಸಂಪಿನ ಬಾಯಿಯನ್ನು ಒಂದಡಿ ಎತ್ತರಿಸಿದರು. ಅಷ್ಟು ದುಡ್ಡಿನ ಫಿಲ್ಟರ್ ಮಾಡದ ಕೆಲಸ ಅದು.

ಅಜ್ಜಿಯ ಚೊಂಬಿನ ವಿಷಯ ಹೇಳಲೇಬೇಕು. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಕೋಲೈ, ಕಾಲರಾ, ಟೈಫಾಯ್ಡ್ ಮುಂತಾದ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಬೆಳೆಸಲು ನೋಡಿದರೆ ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು. ಇದನ್ನು ಹೇಳಿದ್ದೇ ತಡ ಅಜ್ಜಿ ಗೆದ್ದವರಂತೆ ನಕ್ಕರು. ‘ಆದ್ರೆ ಅಜ್ಜಿ, ನೀವು ತಂದ ತಕ್ಷಣ ಕುಡೀತೀರ. 16 ಗಂಟೆ ಆಗ್ಬೇಕು’ ಎಂದೆ. ಅಜ್ಜಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಈಗ ಅವರ ಹತ್ತಿರ ಎರಡು ಚೊಂಬಿವೆ. ಇವತ್ತು ತಂದದ್ದು ದೇವರಿಗೆ, ನಿನ್ನೆ ತಂದದ್ದು ಅವರಿಗೆ. ಲ್ಯಾಬಿನ ಹದವಾದ ನೀರಲ್ಲಿ ಆದದ್ದು ಮಳೆಗಾಲದ ಕೆಂಪು ಹೊಳೆಯಲ್ಲೂ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಕಾಯಿಸಿ ಕುಡಿಯಿರಿ ಎಂದರೆ ‘ತೀರ್ಥ ಯಾರಾದ್ರೂ ಕಾಯಿಸ್ತಾರಾ?’ ಎನ್ನುತ್ತಾರೆ. ಸದ್ಯಕ್ಕೆ ಇಷ್ಟಕ್ಕೆ ರಾಜಿ.

ನಮ್ಮದು ಒಂದು ಮನೆಯ ಕಥೆ. ಊರಿಗೂರೇ ಹೀಗೆ ಗೊಂದಲದಲ್ಲಿ ಬಿದ್ದರೆ? 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಯಾರೋ ವಿಷ ಬೆರೆಸಿದ್ದಾರೆ ಎಂಬ ಮಾತು ಮೊದಲು ಎದ್ದಿತು. ಮರು ವರ್ಷ ಮೇ ತಿಂಗಳಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿಯಲ್ಲಿ ವಾಂತಿಭೇದಿ ಹರಡಿ ಯುವಕನೊಬ್ಬ ತೀರಿಕೊಂಡ. ಇಂಥ ಹೊತ್ತಲ್ಲಿ ಪ್ರಯೋಗಾಲಯದ ಉತ್ತರ ಬರುವವರೆಗಿನ ಒಂದೆರಡು ದಿನ ಇದೆಯಲ್ಲ, ಆ ಖಾಲಿ ಜಾಗದಲ್ಲಿ ಗಾಳಿಸುದ್ದಿ ತುಂಬಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಹೊತ್ತನ್ನು ಯಾವ ಅಧಿಕಾರಿಯೂ ಕಡಿಮೆ ಮಾಡಲಾರ. ಮೊದಲೇ ವಾರ ವಾರ ನಲ್ಲಿ ನೀರು ಪರೀಕ್ಷೆ ಮಾಡಿ ಬರೆದಿಟ್ಟಿದ್ದರೆ ಮಾತ್ರ ಆ ದಿನ ಕೈಯಲ್ಲಿ ಏನಾದರೂ ಇರುತ್ತದೆ.

ಕೆಲಸ ಹುಡುಕುವ ಗೆಳೆಯರಿಗೆ ಒಂದು ಮಾತು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ನೀರು ಪರೀಕ್ಷಾ ಪ್ರಯೋಗಾಲಯಗಳಿವೆ. ಸಾರ್ವಜನಿಕರೂ ಕಡಿಮೆ ಶುಲ್ಕ ಕೊಟ್ಟು ತಮ್ಮ ಬಾವಿ, ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಬಹುದು. ಮೈಕ್ರೊಬಯಾಲಜಿ ಓದಿದ ಬಿಎಸ್‌ಸಿಯವರು, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನವರು, ನಮ್ಮಂಥ ಸಿವಿಲ್‌ನವರು ಒಂದೇ ಮೇಜಿನ ಸುತ್ತ ಕೂರುವ ಕ್ಷೇತ್ರ ಇದು. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳ ಇಲ್ಲಿಲ್ಲ, ಸುಳ್ಳೇಕೆ. ನಮ್ಮ ಬ್ಯಾಚಿನಲ್ಲಿ ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂಟೆಕ್ ಮಾಡುತ್ತೇನೆ ಎಂದವಳು ಸದ್ಯಕ್ಕೆ ನಾನೊಬ್ಬಳೇ. ಗೆಳತಿಯರು ನನ್ನನ್ನು ‘ಚರಂಡಿ ಮೇಡಂ’ ಎನ್ನುತ್ತಾರೆ. ಕರೆಯಲಿ.

ನನ್ನ ಜ್ವರದ ಕಥೆಗೆ ಡಾಕ್ಟರಮ್ಮ ಬರೆದ ಔಷಧಿ ಚೀಟಿಯಲ್ಲಿ ಎರಡು ಸಾಲಿದ್ದವು. ಒಂದು ಸಾಲು ಮಾತ್ರೆ, ಪಟ್ಟಿಯಲ್ಲಿ ‘ಎಸ್’ ಇದ್ದದ್ದು, ಒಂದು ದಿನವೂ ತಪ್ಪಿಸದೆ. ಇನ್ನೊಂದು ಸಾಲು ನೀರು. ನೀರನ್ನು ಔಷಧಿಯಾಗಿ ಬರೆದಿದ್ದಾರಲ್ಲ ಎಂದು ಆಗ ನಕ್ಕಿದ್ದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಈಚೆಗೆ ಓದಿದೆ. ಪದೇ ಪದೇ ಮೂತ್ರನಾಳದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಆ ಹೆಂಗಸರಿಗೆ ಚಿಲಕ ಇರುವ ಶೌಚಾಲಯ ಇದ್ದಿರಬೇಕು. ಇಲ್ಲದಿದ್ದರೆ ಒಂದೂವರೆ ಲೀಟರ್ ಎಲ್ಲಿ ಕುಡಿಯುತ್ತಿದ್ದರು?

ಚಿಕ್ಕಪ್ಪನ ಮಗಳು ಈ ವರ್ಷ ನಾನು ಓದಿದ ಕಾಲೇಜಿಗೇ ಸೇರಿದ್ದಾಳೆ. ಚಿಲಕ ಹಾಕಿಸಿದ್ದಾರೆ, ನೀರು ಒಂದು ದಿನ ಬಂದರೆ ಎರಡು ದಿನ ಇಲ್ಲ ಎನ್ನುತ್ತಾಳೆ. ಅವಳೂ ಗೆಳತಿಯರೂ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದಿದ್ದಾರೆ. ಕರಡು ತಿದ್ದಿಕೊಟ್ಟವಳು ನಾನು. ‘ಉರಿಮೂತ್ರ’ ಎಂಬ ಪದ ಬೇಡ, ‘ಆರೋಗ್ಯ ಸಮಸ್ಯೆ’ ಅಂತ ಬರೆಯೋಣ ಅಕ್ಕ ಎಂದಳು. ಇರಲಿ ಎಂದು ಹಾಗೇ ಬಿಟ್ಟೆ. ಸಂಜೆ ಅವಳು ಬಸ್ಸಿಳಿದು ಬರುವ ಹೊತ್ತಿಗೆ ನಾನು ಊರಲ್ಲಿದ್ದರೆ ಮೊದಲು ಅವಳ ಬ್ಯಾಗಿನ ಬಾಟಲಿ ಎತ್ತಿ ನೋಡುತ್ತೇನೆ. ಕಳೆದ ವಾರ ಅರ್ಧ ಉಳಿದಿತ್ತು. ‘ಚೆಲ್ಲಿಲ್ಲ ಅಕ್ಕ, ನಿಜವಾಗ್ಲೂ ಕುಡಿದೆ’ ಎಂದಳು.